ರೈತನ ಪಹಣಿ ಬಯಲಲ್ಲಿ, ಅಧಿಕಾರಿಯ ಆಸ್ತಿಪಟ್ಟಿ ಬೀರುವಿನಲ್ಲಿ

ನ್ಯಾಮತಿ ತಾಲ್ಲೂಕಿನ ಯಾವುದೇ ಹಳ್ಳಿಯ ಹೊಲದ ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ‘ಭೂಮಿ’ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಹಿಸ್ಸಾ ನಂಬರ್ ಒತ್ತಿದರೆ ಪಹಣಿ ತೆರೆದುಕೊಳ್ಳುತ್ತದೆ. ಮಾಲೀಕರು ಯಾರು, ವಿಸ್ತೀರ್ಣ ಎಷ್ಟು, ಜಮೀನು ಹೇಗೆ ಬಂತು, ಬೆಳೆ ಯಾವುದು ಎಲ್ಲವೂ ಅಲ್ಲಿವೆ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲದ ಹೊರೆಯೂ ನಮೂದಾಗಿರುತ್ತದೆ. ಎರಡು ಎಕರೆಯ ಮೆಕ್ಕೆಜೋಳದ ರೈತನ ಋಣ ಊರಿಗೆಲ್ಲ ಕಾಣುತ್ತದೆ. ಆ ಪಹಣಿಯನ್ನು ತಿದ್ದುವ ಅಧಿಕಾರ ಇರುವ ತಹಶೀಲ್ದಾರರ ಆಸ್ತಿ ವಿವರ ಮಾತ್ರ ಆ ರೈತನಿಗೆ ಕಾಣುವುದಿಲ್ಲ.

ವಿವರವೇ ಇಲ್ಲ ಎಂದಲ್ಲ. ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಪ್ರತಿಯೊಬ್ಬ ಸರ್ಕಾರಿ ನೌಕರ ವರ್ಷಕ್ಕೊಮ್ಮೆ ಆಸ್ತಿ ಮತ್ತು ಋಣದ ಪಟ್ಟಿ ಕೊಡಬೇಕು. ಕೊಟ್ಟ ಪಟ್ಟಿ ಇಲಾಖೆಯ ಕಡತ ಸೇರುತ್ತದೆ. ಐಎಎಸ್ ಅಧಿಕಾರಿಗಳ ವಿಷಯದಲ್ಲಿ ಹಾಗಿಲ್ಲ. ಅವರು ಪ್ರತಿ ಜನವರಿ 31ರೊಳಗೆ ಸಲ್ಲಿಸುವ ಸ್ಥಿರಾಸ್ತಿ ವಿವರವನ್ನು ಕೇಂದ್ರ ಸಿಬ್ಬಂದಿ ಇಲಾಖೆ 2011ರಿಂದ ಜಾಲತಾಣದಲ್ಲಿ ಪ್ರಕಟಿಸುತ್ತಿದೆ. ದಾವಣಗೆರೆಯ ಐಎಎಸ್ ಜಿಲ್ಲಾಧಿಕಾರಿಯ ಮನೆ, ನಿವೇಶನಗಳ ವಿವರವನ್ನು ಜಗಳೂರಿನ ಕಾಲೇಜು ಹುಡುಗಿ ಮೊಬೈಲಿನಲ್ಲೇ ನೋಡಬಹುದು. ಆದರೆ ಜನ ದಿನನಿತ್ಯ ಎಡತಾಕುವುದು ತಾಲ್ಲೂಕು ಕಚೇರಿ, ಉಪನೋಂದಣಿ ಕಚೇರಿ, ಪುರಸಭೆಗಳನ್ನು. ಪಾರದರ್ಶಕತೆ ಆ ಮೆಟ್ಟಿಲಿನವರೆಗೆ ಇಳಿದೇ ಇಲ್ಲ.

ಇದರಿಂದ ಏನು ನಷ್ಟ ಎಂಬುದನ್ನು ಚನ್ನಗಿರಿ ಕ್ಷೇತ್ರ 2023ರ ಮಾರ್ಚ್‌ನಲ್ಲಿ ಕಂಡಿತು. ಮಾರ್ಚ್ 2ರಂದು ಬೆಂಗಳೂರಿನಲ್ಲಿ ಲೋಕಾಯುಕ್ತ ಪೊಲೀಸರು ಜಲಮಂಡಳಿಯ ಮುಖ್ಯ ಲೆಕ್ಕಾಧಿಕಾರಿ ಪ್ರಶಾಂತ್ ಮಾಡಾಳ್ ಅವರನ್ನು 40 ಲಕ್ಷ ರೂಪಾಯಿ ಲಂಚ ಪಡೆದ ಆರೋಪದಲ್ಲಿ ಬಂಧಿಸಿದರು. ಅವರ ತಂದೆ, ಚನ್ನಗಿರಿಯ ಅಂದಿನ ಬಿಜೆಪಿ ಶಾಸಕ ಮಾಡಾಳ್ ವಿರೂಪಾಕ್ಷಪ್ಪ, ಮೈಸೂರು ಸ್ಯಾಂಡಲ್ ಸೋಪು ತಯಾರಿಸುವ ಕೆಎಸ್‌ಡಿಎಲ್ ಅಧ್ಯಕ್ಷರಾಗಿದ್ದರು. ಆ ಸಂಸ್ಥೆಗೆ ಕಚ್ಚಾವಸ್ತು ಪೂರೈಸುವ ಟೆಂಡರಿಗೆ ಸಂಬಂಧಿಸಿದ ದೂರು ಅದು. ಕಚೇರಿ ಮತ್ತು ಮನೆಯ ಶೋಧದಲ್ಲಿ ಸಿಕ್ಕ ನಗದು 8 ಕೋಟಿ ರೂಪಾಯಿ ದಾಟಿತ್ತು. ವಿರೂಪಾಕ್ಷಪ್ಪ ಮರುದಿನವೇ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮಧ್ಯಂತರ ಜಾಮೀನು ಸಿಕ್ಕಾಗ ಚನ್ನಗಿರಿಯಲ್ಲಿ ಮೆರವಣಿಗೆ ನಡೆಯಿತು. ಮಾರ್ಚ್ 27ರಂದು ಹೈಕೋರ್ಟ್ ನಿರೀಕ್ಷಣಾ ಜಾಮೀನು ನಿರಾಕರಿಸಿತು, ಅಂದೇ ಬಂಧನವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರ ವಿರುದ್ಧದ ಪ್ರಕರಣವನ್ನು ಹೈಕೋರ್ಟ್ ರದ್ದುಪಡಿಸಿತು.

ಕಾನೂನಿನ ಪ್ರಶ್ನೆಯನ್ನು ನ್ಯಾಯಾಲಯಗಳು ನೋಡಿಕೊಳ್ಳುತ್ತವೆ. ಜನರ ಮುಂದೆ ಉಳಿದಿದ್ದು ಇನ್ನೊಂದು ಪ್ರಶ್ನೆ. ತಮ್ಮದು ಅಡಿಕೆ ನಾಡು, ಇಲ್ಲಿ ಸಾಮಾನ್ಯರ ಮನೆಯಲ್ಲೂ ನಾಲ್ಕೈದು ಕೋಟಿ ಇರುತ್ತದೆ ಎಂದು ವಿರೂಪಾಕ್ಷಪ್ಪ ಆಗ ಸಮಜಾಯಿಷಿ ನೀಡಿದ್ದರು. ಅರ್ಧ ಎಕರೆ ತೋಟದವರು, ಖೇಣಿ ಹಿಡಿದು ಕೈಸುಟ್ಟುಕೊಂಡವರು ಈ ಮಾತು ಕೇಳಿಸಿಕೊಂಡರು.

ಅಡಿಕೆ ಆದಾಯದ ಮಾತನ್ನು ಪರಿಶೀಲಿಸಲು ದಾರಿಗಳಿವೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದರೂ ತೋಟ ಪಹಣಿಯಲ್ಲಿರುತ್ತದೆ. ಎಕರೆಗೆ ಇಳುವರಿ ಎಷ್ಟೆಂದು ತಾಲ್ಲೂಕಿಗೆಲ್ಲ ಗೊತ್ತು. ತುಮ್ಕೋಸ್‌ನಂಥ ಸಹಕಾರ ಸಂಘಕ್ಕೆ ರಾಶಿ ಅಡಿಕೆ ಹಾಕಿದರೆ ತೂಕದ ಚೀಟಿಯಿಂದ ಹಿಡಿದು ಬಿಲ್ಲಿನವರೆಗೆ ದಾಖಲೆ ಇರುತ್ತದೆ. ವರ್ಷ ವರ್ಷದ ಆಸ್ತಿಪಟ್ಟಿ ಜಾಲತಾಣದಲ್ಲಿ ಇದ್ದಿದ್ದರೆ, ಶಾಸಕರ ಮಾತು ನಿಜವೋ ಅಲ್ಲವೋ ಎಂಬುದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ತಾಳೆ ನೋಡಬಹುದಿತ್ತು. ಮಾತು ನಿಜವಾಗಿದ್ದರೆ ಅದರಿಂದ ಮೊದಲ ಲಾಭ ಅವರಿಗೇ ಆಗುತ್ತಿತ್ತು.

ಅಂಥ ಪಟ್ಟಿ ಕೇಳುವ ಕಾನೂನು ಕರ್ನಾಟಕದಲ್ಲಿ ಹಳೆಯದು. 1984ರ ಲೋಕಾಯುಕ್ತ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಸಕರು, ಸಚಿವರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದವರ ಆಸ್ತಿ–ಋಣ ವಿವರವನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು. ಆ ಬಗ್ಗೆ ಲೋಕಾಯುಕ್ತರು ವರದಿ ಕೊಟ್ಟ ಮೇಲೂ ಸಲ್ಲಿಸದವರ ಹೆಸರನ್ನು ಮೂರು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಪಟ್ಟಿ ಕೊಡದಿದ್ದವರ ಹೆಸರು ಬಯಲಾಗಬೇಕು ಎನ್ನುವ ಕಾಯ್ದೆ, ಕೊಟ್ಟ ಪಟ್ಟಿಯನ್ನೂ ಬಯಲಿಗಿಡಬೇಕು ಎನ್ನುವ ಮುಂದಿನ ಹೆಜ್ಜೆ ಇಟ್ಟಿಲ್ಲ.

ಮತದಾರನ ಕೈಗೆ ನಿಶ್ಚಿತವಾಗಿ ಸಿಗುವುದು ಚುನಾವಣಾ ಪ್ರಮಾಣಪತ್ರ, ಅದೂ ಐದು ವರ್ಷಕ್ಕೊಮ್ಮೆ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳು ಅದನ್ನು ಕಡ್ಡಾಯ ಮಾಡಿದವು. 2018ರ ಫೆಬ್ರುವರಿಯ ಲೋಕಪ್ರಹರಿ ತೀರ್ಪಿನ ಬಳಿಕ ಆದಾಯದ ಮೂಲವನ್ನೂ ಹೇಳಬೇಕಾಯಿತು. ಇಷ್ಟಾದರೂ ಆ ಪ್ರಮಾಣಪತ್ರದ ನಮೂನೆ 26ರಲ್ಲಿ ಒಂದು ದೊಡ್ಡ ಕಿಂಡಿ ಉಳಿದಿದೆ. ಅದರಲ್ಲಿರುವುದು ಅಭ್ಯರ್ಥಿ, ಪತಿ ಅಥವಾ ಪತ್ನಿ, ಅವಿಭಕ್ತ ಕುಟುಂಬ ಮತ್ತು ಅವಲಂಬಿತರ ಕಾಲಂಗಳು. ಸ್ವಂತ ಸಂಪಾದನೆ ಇರುವ, ನೌಕರಿಯಲ್ಲಿರುವ ಮಗ ಅವಲಂಬಿತನಲ್ಲ. ಅವನ ಹಣ ತಂದೆಯ ಪ್ರಮಾಣಪತ್ರದಲ್ಲಿ ಬರುವುದಿಲ್ಲ. ಅವನ ಇಲಾಖೆಯಲ್ಲಿರುವ ಪಟ್ಟಿ ಮತದಾರನಿಗೆ ಸಿಗುವುದಿಲ್ಲ. ಬೆಂಗಳೂರಿನ ಆ ಮನೆಯಲ್ಲಿ ನಗದಿನ ಕಟ್ಟುಗಳು ಸಿಕ್ಕಾಗ, ಪ್ರಶಾಂತ್ ಅವರ ಆಸ್ತಿಯ ಬಗ್ಗೆ ಜನರು ತೆರೆದು ನೋಡಬಹುದಾದ ಒಂದೇ ಒಂದು ಪಟ್ಟಿಯೂ ಇರಲಿಲ್ಲ.

ಮಾಹಿತಿ ಹಕ್ಕಿನಡಿ ಕೇಳಬಹುದಲ್ಲ ಎನ್ನಬಹುದು. ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ನೌಕರರ ಆಸ್ತಿ ವಿವರ ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತಾಸಕ್ತಿ ತೋರಿಸಿದರೆ ಮಾತ್ರ ಕೊಡಬೇಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಆ ಬಾಗಿಲನ್ನು ಇನ್ನಷ್ಟು ಕಿರಿದಾಗಿಸಿತು. ಈಗ ಅರ್ಜಿದಾರನಿಗೆ ಉಳಿದಿರುವ ಆಸರೆ ಸಾರ್ವಜನಿಕ ಹಿತಾಸಕ್ತಿಯ ಮಾತಾಡುವ, ಮಾಹಿತಿ ಹಕ್ಕು ಕಾಯ್ದೆಯ 8(2) ಉಪ ಸೆಕ್ಷನ್ ಒಂದೇ.

ಮನಸ್ಸಿದ್ದರೆ ಆಸ್ತಿಪಟ್ಟಿಯನ್ನು ಬಯಲಿಗಿಡುವುದು ಅಸಾಧ್ಯವೇನಲ್ಲ. 2025ರ ಮೇ 5ರಂದು ಸುಪ್ರೀಂ ಕೋರ್ಟ್ ತನ್ನ 33 ನ್ಯಾಯಮೂರ್ತಿಗಳ ಪೈಕಿ 21 ಮಂದಿಯ ಆಸ್ತಿ ವಿವರವನ್ನು ಜಾಲತಾಣಕ್ಕೆ ಏರಿಸಿತು. ಉಕ್ರೇನ್ 2016ರಲ್ಲೇ ಅಧಿಕಾರಿಗಳ ಘೋಷಣೆಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಅಲ್ಲಿ ಮನೆಯಲ್ಲಿಟ್ಟ ನಗದನ್ನೂ ಬರೆಯಬೇಕು. ಯುದ್ಧದಿಂದ ಆ ದಾಖಲೆಗಳು ಮುಚ್ಚಿಹೋದಾಗ ಜನರೇ ಒತ್ತಾಯಿಸಿ 2023ರ ಕೊನೆಗೆ ಮತ್ತೆ ತೆರೆಸಿದರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಮುಖ್ಯವಾಗಿ ಪ್ರತಿನಿಧಿಸುವವರು ಮೂವರು ಶಾಸಕರು: ಚನ್ನಗಿರಿಯ ಬಸವರಾಜು ವಿ. ಶಿವಗಂಗಾ, ನ್ಯಾಮತಿಯೂ ಸೇರಿದ ಹೊನ್ನಾಳಿಯ ಡಿ.ಜಿ. ಶಾಂತನಗೌಡ, ಜಗಳೂರಿನ ಬಿ. ದೇವೇಂದ್ರಪ್ಪ. ಶಾಲೆಯೊಂದರಲ್ಲಿ ಜವಾನರಾಗಿದ್ದ ದೇವೇಂದ್ರಪ್ಪ ಅವರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದ ಊರು ಜಗಳೂರು. ಬಡತನದಿಂದ ಬಂದ ಜನಪ್ರತಿನಿಧಿಗೆ ವರ್ಷ ವರ್ಷದ ಬಹಿರಂಗ ಲೆಕ್ಕ ಗುಮಾನಿಯಿಂದ ಪಾರಾಗುವ ರಕ್ಷೆಯೂ ಹೌದು. ಲೋಕಾಯುಕ್ತರಿಗೆ ಕೊಟ್ಟ ಪಟ್ಟಿಯ ಪ್ರತಿಯನ್ನು ಬ್ಯಾಂಕ್ ಖಾತೆ ಸಂಖ್ಯೆ, ಮನೆ ವಿಳಾಸ ಮರೆಮಾಡಿ ತಾವೇ ಪ್ರಕಟಿಸಲು ಇವರು ಯಾವ ಹೊಸ ಕಾನೂನಿಗೂ ಕಾಯಬೇಕಿಲ್ಲ. ಉಳಿದದ್ದು ವಿಧಾನಸಭೆಯ ಕೆಲಸ: 22ನೇ ಸೆಕ್ಷನ್‌ಗೆ ತಿದ್ದುಪಡಿ ತಂದು, ಶಾಸಕರಿಂದ ತಹಶೀಲ್ದಾರರವರೆಗೆ ಎಲ್ಲರ ವಾರ್ಷಿಕ ವಿವರ ಕನ್ನಡದಲ್ಲಿ, ಹೆಸರು ಒತ್ತಿ ಹುಡುಕುವಂತೆ ಒಂದೇ ಜಾಲತಾಣದಲ್ಲಿ ಸಿಗಬೇಕು. ಸರ್ವೆ ನಂಬರುಗಳು ‘ಭೂಮಿ’ಯ ಪಹಣಿಗೆ ಜೋಡಣೆಯಾಗಬೇಕು. ಅಧಿಕಾರದಲ್ಲಿರುವವರ ನೌಕರಿಯಲ್ಲಿರುವ ಮಕ್ಕಳ ಆಸ್ತಿಯೂ ಅದರಲ್ಲಿ ಸೇರಬೇಕು. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಅಷ್ಟರೊಳಗೆ ಇದನ್ನು ಮಾಡುತ್ತೀರಾ ಎಂದು ಚನ್ನಗಿರಿಯಿಂದ ಜಗಳೂರಿನವರೆಗಿನ ಮತದಾರರು ಈಗಿನ ಶಾಸಕರನ್ನು ಹೆಸರು ಹಿಡಿದು ಕೇಳಬೇಕು.