ವಿದ್ಯುಜ್ಜಾಲದ ನಾಡಿ ಮತ್ತು ಅದನ್ನು ಕಾಯುವ ಸಂಚಯಕ

ತರಗತಿಯಲ್ಲಿ ಜಡತ್ವವನ್ನು ಬೋಧಿಸುವಾಗ ನಾವು ಬೀಸುವ ಕಲ್ಲಿನ ಉದಾಹರಣೆಯನ್ನು ಕೊಡುವುದುಂಟು. ಒಂದೇ ಹದದಲ್ಲಿ ತಿರುಗುತ್ತಿರುವ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿಯನ್ನು ಹೆಚ್ಚಾಗಿ ಸುರಿದರೆ ಅದು ಒಡನೆಯೇ ನಿಲ್ಲುವುದಿಲ್ಲ, ತಿರುಗುತ್ತಲೇ ನಿಧಾನವಾಗುತ್ತದೆ. ಅಷ್ಟರೊಳಗೆ ಬೀಸುವವರು ತೋಳಿಗೆ ಬಲ ತಂದುಕೊಂಡು ಅದನ್ನು ಮೊದಲಿನ ಹದಕ್ಕೆ ತರುತ್ತಾರೆ. ನಾಡಿಗೆಲ್ಲ ಬೆಳಕನ್ನು ಹಂಚುವ ವಿದ್ಯುಜ್ಜಾಲದಲ್ಲಿಯೂ ನಡೆಯುವುದು ಇದೇ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ಪ್ರವಾಹವು ಸೆಕೆಂಡಿಗೆ ೫೦ ಸಲ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಈ ಎಣಿಕೆಗೆ ಆವರ್ತಾಂಕವೆಂದು ಹೆಸರು. ಎರಡು ಧ್ರುವಗಳುಳ್ಳ ವಿದ್ಯುಜ್ಜನಕ ಯಂತ್ರವು ನಿಮಿಷಕ್ಕೆ ೩೦೦೦ ಸುತ್ತು ತಿರುಗಿದಾಗ ಈ ೫೦ ದೊರೆಯುತ್ತದೆ. ಒಂದೇ ಜಾಲಕ್ಕೆ ಸೇರಿದ ಇಂಥ ಯಂತ್ರಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಹೆಜ್ಜೆಗೂಡಿ ನಡೆಯಬೇಕು. ಬಳಕೆಯು ಉತ್ಪಾದನೆಯನ್ನು ಮೀರಿದರೆ ಅವುಗಳ ವೇಗ ಕುಗ್ಗಿ ಆವರ್ತಾಂಕವು ಇಳಿಯುತ್ತದೆ. ಉತ್ಪಾದನೆಯು ಹೆಚ್ಚಿದರೆ ಏರುತ್ತದೆ. ಇಳಿತವು ಮಿತಿಮೀರಿದಾಗ ಯಂತ್ರಗಳು ಕೆಡದಿರಲೆಂದು ರಕ್ಷಕ ಸಾಧನಗಳು ಅವನ್ನು ಜಾಲದಿಂದ ಕಳಚಿಬಿಡುತ್ತವೆ. ಒಂದು ಕಳಚಿದರೆ ಉಳಿದವುಗಳ ಹೊರೆ ಹೆಚ್ಚುತ್ತದೆ, ಅವೂ ಕಳಚುತ್ತವೆ. ಕಡೆಗೆ ಉಳಿಯುವುದು ಕತ್ತಲೆ.

ಇದು ಬರಿಯ ಊಹೆಯಲ್ಲ. ೨೦೧೬ರ ಸೆಪ್ಟೆಂಬರ್ ೨೮ರಂದು ಆಸ್ಟ್ರೇಲಿಯದ ದಕ್ಷಿಣ ಆಸ್ಟ್ರೇಲಿಯ ರಾಜ್ಯದಲ್ಲಿ ಬಿರುಗಾಳಿ ಎದ್ದು, ವಿದ್ಯುತ್ತಂತಿಗಳನ್ನು ಹೊತ್ತ ಇಪ್ಪತ್ತಕ್ಕೂ ಹೆಚ್ಚು ಗೋಪುರಗಳು ನೆಲಕ್ಕುರುಳಿದವು. ವಿದ್ಯುದೊತ್ತಡವು ಮೇಲಿಂದ ಮೇಲೆ ಕುಸಿದುದರಿಂದ ಅನೇಕ ಗಾಳಿಯಂತ್ರಗಳು ತಮ್ಮ ಉತ್ಪಾದನೆಯನ್ನು ತಗ್ಗಿಸಿದವು. ಏಳು ಸೆಕೆಂಡುಗಳೊಳಗೆ ೪೫೬ ಮೆಗಾವಾಟ್ ಶಕ್ತಿ ಇಲ್ಲವಾಯಿತು. ಆ ಕೊರತೆಯನ್ನು ತುಂಬಲು ನೆರೆಯ ವಿಕ್ಟೋರಿಯದಿಂದ ಬರುವ ತಂತಿಮಾರ್ಗದ ಮೇಲೆ ಹೊರೆ ಬಿದ್ದು, ಅದೂ ಕಡಿದುಹೋಯಿತು. ಗಾಳಿಯಂತ್ರಗಳು ಎಲೆಕ್ಟ್ರಾನಿಕ್ ಸಾಧನಗಳ ಮೂಲಕ ಜಾಲವನ್ನು ಸೇರುವುದರಿಂದ ಅವುಗಳ ತೂಕ ಜಾಲದ ಜಡತ್ವಕ್ಕೆ ಒದಗುವುದಿಲ್ಲ. ಎಂದರೆ, ಬೀಸುವ ಕಲ್ಲು ಹಗುರವಾಗಿತ್ತು. ಆವರ್ತಾಂಕವು ಎಷ್ಟು ಬೇಗ ಕುಸಿಯಿತೆಂದರೆ, ಕೆಲವು ಪ್ರದೇಶಗಳ ಸರಬರಾಜನ್ನು ತಾನಾಗಿಯೇ ಕಡಿದು ಉಳಿದವನ್ನು ಕಾಯುವ ಏರ್ಪಾಡಿಗೂ ಅವಕಾಶ ಸಿಗಲಿಲ್ಲ. ರಾಜ್ಯಕ್ಕೆ ರಾಜ್ಯವೇ ಕತ್ತಲೆಯಲ್ಲಿ ಮುಳುಗಿತು.

ಮರುವರ್ಷ, ೨೦೧೭ರ ಡಿಸೆಂಬರ್ ೧ರಂದು, ಅದೇ ರಾಜ್ಯದ ಜೇಮ್ಸ್‌ಟೌನ್ ಪಟ್ಟಣದ ಬಳಿಯ ಹಾರ್ನ್ಸ್‌ಡೇಲ್‌ನಲ್ಲಿ ಒಂದು ಭಾರಿ ಲಿಥಿಯಮ್ ಅಯಾನ್ ಬ್ಯಾಟರಿಯು ಕೆಲಸಕ್ಕೆ ತೊಡಗಿತು. ಟೆಸ್ಲಾ ಸಂಸ್ಥೆ ನಿರ್ಮಿಸಿದ ಇದರ ಬಲ ೧೦೦ ಮೆಗಾವಾಟ್. ಸಂಗ್ರಹ ೧೨೯ ಮೆಗಾವಾಟ್-ಗಂಟೆ. ಉಗಿಯಂತ್ರದ ಬಲವನ್ನು ಹೆಚ್ಚಿಸಬೇಕಾದರೆ ಕವಾಟ ತೆರೆಯಬೇಕು, ಉಗಿ ಹರಿಯಬೇಕು. ಇದಕ್ಕೆ ಸೆಕೆಂಡುಗಳು ಹಿಡಿಯುತ್ತವೆ. ಬ್ಯಾಟರಿಯಲ್ಲಾದರೋ ಸರಿಸಬೇಕಾದ ಭಾರವಾದ ವಸ್ತುವೇ ಇಲ್ಲ. ಆವರ್ತಾಂಕವನ್ನು ಸತತವಾಗಿ ಅಳೆಯುವ ಉಪಕರಣವು ಇಳಿತವನ್ನು ಕಂಡೊಡನೆ, ಸೆಕೆಂಡಿನ ಒಂದಂಶದಲ್ಲಿ, ಬ್ಯಾಟರಿಯ ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿ ಮಾರ್ಪಡಿಸಿ ಜಾಲಕ್ಕೆ ಹರಿಸುತ್ತದೆ.

ಇದರ ಪರೀಕ್ಷೆ ೨೦೧೮ರ ಆಗಸ್ಟ್ ೨೫ರಂದು ನಡೆಯಿತು. ಸಿಡಿಲಿನ ಹೊಡೆತದಿಂದ ಕ್ವೀನ್ಸ್‌ಲ್ಯಾಂಡ್ ರಾಜ್ಯವು ಜಾಲದಿಂದ ಬೇರ್ಪಟ್ಟು, ಉಳಿದ ಕಡೆ ಆವರ್ತಾಂಕ ಇಳಿಯಿತು. ಹಾರ್ನ್ಸ್‌ಡೇಲ್ ಬ್ಯಾಟರಿ ಒಡನೆಯೇ ಶಕ್ತಿಯನ್ನು ಹೊರಚೆಲ್ಲಿತು. ಕ್ಷಣಗಳಲ್ಲಿಯೇ ದಕ್ಷಿಣ ಆಸ್ಟ್ರೇಲಿಯವೂ ಬೇರೆಯಾಯಿತು. ಈಗ ಅಲ್ಲಿ ಶಕ್ತಿ ಹೆಚ್ಚಾಗಿ ಆವರ್ತಾಂಕ ಏರತೊಡಗಿತು. ಅದೇ ಬ್ಯಾಟರಿ ದಿಕ್ಕು ಬದಲಿಸಿ ಶಕ್ತಿಯನ್ನು ಹೀರಿಕೊಂಡಿತು. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಗಳಲ್ಲಿ ಕೆಲವು ಬಳಕೆದಾರರ ಸರಬರಾಜನ್ನು ಕಡಿಯಬೇಕಾಯಿತು. ದಕ್ಷಿಣ ಆಸ್ಟ್ರೇಲಿಯದಲ್ಲಿ ಕಡಿಯಬೇಕಾಗಲಿಲ್ಲ.

ಹಾಗೆಂದು ಬ್ಯಾಟರಿಯನ್ನು ವಿದ್ಯುದಾಗಾರವೆಂದು ಭಾವಿಸಬಾರದು. ಪೂರ್ಣಬಲದಿಂದ ದುಡಿದರೆ ಆ ಮೊದಲ ಸಂಗ್ರಹವು ಸುಮಾರು ೭೭ ನಿಮಿಷಗಳಲ್ಲಿ ಬರಿದಾಗುತ್ತದೆ. ಉರುಳಿದ ಗೋಪುರವನ್ನು ಅದು ಎತ್ತಿ ನಿಲ್ಲಿಸಲಾರದು. ಅದು ಕೊಡುವುದು ಸಮಯವನ್ನು. ನಿಧಾನವಾಗಿ ಓಗೊಡುವ ಇತರ ಯಂತ್ರಗಳು ಬಲ ತಂದುಕೊಳ್ಳುವವರೆಗಿನ ಕೆಲವೇ ಕ್ಷಣಗಳನ್ನು. ೨೦೨೦ರಲ್ಲಿ ಅದರ ಬಲವನ್ನು ೧೫೦ ಮೆಗಾವಾಟಿಗೆ ಏರಿಸಲಾಯಿತು. ೨೦೨೨ರಲ್ಲಿ ತಿರುಗುವ ಯಂತ್ರದ ಜಡತ್ವವನ್ನು ಅನುಕರಿಸುವ ವಿಧಾನವನ್ನೂ ಅದಕ್ಕೆ ಅಳವಡಿಸಲಾಯಿತು.

ಗಾಳಿ, ಬಿಸಿಲುಗಳಿಂದ ಶಕ್ತಿಯನ್ನು ಪಡೆಯಹೊರಟ ನಾಡುಗಳೆಲ್ಲಕ್ಕೂ ಈ ಪಾಠ ಸಲ್ಲುತ್ತದೆ. ಶಕ್ತಿ ಎಷ್ಟಿದೆಯೆಂಬುದಷ್ಟೇ ಮುಖ್ಯವಲ್ಲ; ಬೇಕಾದ ಕ್ಷಣಕ್ಕೆ ಒದಗುವುದೇ ಎಂಬುದೂ ಅಷ್ಟೇ ಮುಖ್ಯ. ಕಲ್ಲು ಹಗುರವಾದಷ್ಟೂ ಬೀಸುವ ಕೈ ಚುರುಕಾಗಬೇಕಲ್ಲವೆ?