ಉಪ್ಪಿನ ಪೊಟ್ಟಣ ಎಷ್ಟು ದಿನ ಬರಬೇಕು?



ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಭೂಮಿಯ ಉಪ್ಪಿಗೆ ಹೋಲಿಸಿದರು (ಮತ್ತಾಯ 5:13). ಉಪ್ಪು ಸ್ವಲ್ಪವೇ ಸಾಕು, ಆದರೆ ಇರಲೇಬೇಕು. ಆ 'ಸ್ವಲ್ಪ' ಎಷ್ಟು?

ಹಾತಕಣಂಗಲೆ, ಇಚಲಕರಂಜಿ ಕಡೆಯ ನಮ್ಮ ಮನೆಗಳಲ್ಲಿ ಸಾರಿಗೂ ಖರ್ಡಾಕ್ಕೂ ಉಪ್ಪು ಹಾಕುವುದು ಕೈಯಳತೆಯಲ್ಲೇ. ಆದರೆ ಹೆಚ್ಚಾದ ಉಪ್ಪು ರಕ್ತದೊತ್ತಡ ಏರಿಸುತ್ತದೆ. ಏರಿದ ಒತ್ತಡ ಸದ್ದಿಲ್ಲದೆ ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಲಕ್ವಕ್ಕೂ ಕಾರಣವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಮಕ್ಕಳಿಗೆ ಇನ್ನೂ ಕಡಿಮೆ. ಪುಡಿ ಉಪ್ಪನ್ನು ಚಹಾ ಚಮಚದಲ್ಲಿ ಮಟ್ಟಸವಾಗಿ ತುಂಬಿದರೆ ಸುಮಾರು 6 ಗ್ರಾಂ. ಅಂದರೆ ಒಬ್ಬರಿಗೆ ಒಂದು ಚಮಚಕ್ಕಿಂತ ತುಸು ಕಡಿಮೆ.

ಮನೆಯಲ್ಲಿ ತಕ್ಕಡಿ ಇಲ್ಲವೇ? ಪೊಟ್ಟಣವೇ ಅಳತೆಗೋಲು. ನಾಲ್ವರು ದೊಡ್ಡವರಿಗೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಉಪ್ಪು 50 ದಿನವಾದರೂ ಬರಬೇಕು. ಒಡೆದ ದಿನವನ್ನು ಪೊಟ್ಟಣದ ಮೇಲೆ ಬರೆದಿಡೋಣ. ಅಡುಗೆಗೇ ತಿಂಗಳೊಳಗೆ ಮುಗಿದುಹೋದರೆ ಕೈ ಬಿಗಿ ಮಾಡಲೇಬೇಕು.

ಅಂಗಡಿಯ ಚಿವಡಾ, ಹಪ್ಪಳ, ಉಪ್ಪಿನಕಾಯಿಗಳ ಉಪ್ಪು ಇದೇ ಲೆಕ್ಕದೊಳಗೆ ಸೇರಬೇಕು. ಅವುಗಳ ಪೊಟ್ಟಣದ ಮೇಲೆ ಸೋಡಿಯಂ ಎಷ್ಟೆಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ತಿಳಿಯುತ್ತದೆ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು.

ತಪಸ್ಸು ಕಾಲದಲ್ಲಿ ಮಾಂಸ ಬಿಡುವ ನಮಗೆ ದಿನಕ್ಕೊಂದು ಚಿಟಿಕೆ ಉಪ್ಪು ಬಿಡುವುದು ಕಷ್ಟವಲ್ಲ. ಈ ಭಾರವನ್ನು ಅಡುಗೆ ಮಾಡುವ ತಾಯಂದಿರ ಮೇಲಷ್ಟೇ ಹೊರಿಸಬೇಡಿ. ಊಟಕ್ಕೆ ಕುಳಿತು ಮೇಲಿಂದ ಉಪ್ಪು ಕೇಳುವವರೇ ಮೊದಲು ಕೈ ಹಿಂತೆಗೆಯಲಿ.