ಸಹಿ ಉಳಿದು ಅರಿವು ಅಳಿದಾಗ

ಮಾಗಡಿಯ ಕಡೆಯ ಒಂದು ಹಳ್ಳಿಯಲ್ಲಿ ಎಂಬತ್ತು ವರ್ಷದ ರೈತರೊಬ್ಬರು ಇರುವರೆಂದು ಊಹಿಸಿಕೊಳ್ಳೋಣ. ಹೊಲದ ಬದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಹಣ್ಣುಹುಳುಗಳನ್ನು ಚಂದ್ರಂಕಿಗೆ ಬಿಡಬೇಕಾದುದು ಯಾವಾಗ, ಮೊದಲ ಸಲ ರಾಮನಗರದ ಮಾರುಕಟ್ಟೆಗೆ ಗೂಡು ಒಯ್ದಾಗ ಸಿಕ್ಕಿದ ಬೆಲೆ ಎಷ್ಟು ಎಂಬುದನ್ನೆಲ್ಲ ಅವರು ತಪ್ಪಿಲ್ಲದೆ ಹೇಳಬಲ್ಲರು. ಆದರೆ ಬೆಳಿಗ್ಗೆ ಊಟವಾಯಿತೇ ಎಂದು ಕೇಳಿದರೆ ತಿಳಿಯದು. ಕೊಟ್ಟ ಕೂಲಿಯನ್ನೇ ಮತ್ತೊಮ್ಮೆ ಕೊಡುತ್ತಾರೆ. ಜೊತೆಯಲ್ಲಿರುವ ಮಗನು, “ಅಪ್ಪನಿಗೆ ಅರಿವು ತಪ್ಪಿದೆ, ಇನ್ನು ವ್ಯವಹಾರ ನನಗೆ ಬರಬೇಕು” ಎನ್ನುತ್ತಾನೆ. ಹಬ್ಬಕ್ಕೆ ಕನಕಪುರದಿಂದ ಬರುವ ಮಗಳು, “ಅಪ್ಪ ಚೆನ್ನಾಗಿಯೇ ಇದ್ದಾರೆ, ಅಣ್ಣನ ಕಣ್ಣು ಆಸ್ತಿಯ ಮೇಲಿದೆ” ಎನ್ನುತ್ತಾಳೆ. ಇವರಲ್ಲಿ ಸುಳ್ಳು ಹೇಳುವವರು ಯಾರು? ಇಬ್ಬರೂ ಅಲ್ಲದಿರಬಹುದು. ಇದು ಹೇಗೆಂಬುದನ್ನು ನೋಡೋಣ.

ಜ್ಞಾಪಕಶಕ್ತಿಯು ಒಂದೇ ಉಗ್ರಾಣದಲ್ಲಿ ತುಂಬಿಟ್ಟ ಧಾನ್ಯದಂತಲ್ಲ. ಹೊಸ ಘಟನೆಗಳನ್ನು ಅಚ್ಚೊತ್ತುವ ಕೆಲಸದಲ್ಲಿ ಮೆದುಳಿನ ಒಳಮಗ್ಗುಲಿನಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ ಮುಖ್ಯ ಪಾತ್ರವುಂಟು. ಡಿಮೆನ್ಷಿಯಾ ಎಂಬ ಅರಿವಳಿಕೆಗೆ ಹಲವು ಕಾರಣಗಳಿದ್ದರೂ ಆಲ್‌ಜೈಮರ್ ಕಾಯಿಲೆಯೇ ಅವುಗಳಲ್ಲಿ ಪ್ರಧಾನವಾದುದು. ಈ ಕಾಯಿಲೆಯು ಸಾಮಾನ್ಯವಾಗಿ ಮೊದಲು ಆಕ್ರಮಿಸುವುದು ಹಿಪ್ಪೊಕ್ಯಾಂಪಸನ್ನೂ ಅದರ ನೆರೆಯನ್ನೂ. ಆದಕಾರಣ ನಿನ್ನೆಯದು ಅಳಿಯುತ್ತದೆ, ನಲವತ್ತು ವರ್ಷದ ಹಿಂದಿನದು ಉಳಿಯುತ್ತದೆ. ಫ್ರಾನ್ಸಿನ ರಿಬೋ ಎಂಬ ಮನಶ್ಶಾಸ್ತ್ರಜ್ಞನು 1881ರಲ್ಲಿಯೇ ಈ ಕ್ರಮವನ್ನು ಗುರುತಿಸಿದ್ದನು. ಮಗಳು ಹಳೆಯ ಮಾತನ್ನು ಕೇಳಿ ಹೋದಳು. ಮಗನು ದಿನದಿನದ ತಪ್ಪನ್ನು ಕಂಡನು. ಒಂದೇ ವಸ್ತುವನ್ನು ಎರಡು ಬೇರೆ ಉಪಕರಣಗಳಿಂದ ಅಳೆದಂತಾಯಿತು.

ಜರ್ಮನಿಯ ವೈದ್ಯ ಅಲಾಯಿಸ್ ಆಲ್‌ಜೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಔಗುಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಪರೀಕ್ಷಿಸಿದನು. ಹೆಸರನ್ನು ಬರೆಯೆಂದರೆ ಆಕೆ ಬರೆಯಲು ತೊಡಗಿ ನಡುವೆಯೇ ಮರೆತುಬಿಡುತ್ತಿದ್ದಳು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ನಡುವೆ ಗಟ್ಟಿಯಾದ ಕಲೆಗಳೂ ಕೋಶಗಳೊಳಗೆ ಎಳೆಗಳ ಸಿಕ್ಕುಗಳೂ ಕಂಡುಬಂದವು. ಮೊದಲಿನವು ಅಮಿಲಾಯ್ಡ್ ಎಂಬ ಪ್ರೋಟೀನಿನವು, ಎರಡನೆಯವು ಟೌ ಎಂಬ ಪ್ರೋಟೀನಿನವು ಎಂದು ಈಗ ತಿಳಿದಿದೆ.

ಡೇಟರಳ ರೋಗವು ಬಹಳ ಮುಂದುವರಿದಿತ್ತು. ಅನೇಕ ರೋಗಿಗಳಲ್ಲಿ ಸಹಿಯು ಬಹುಕಾಲ ಕೆಡದೆ ಉಳಿಯುತ್ತದೆ. ಸಾವಿರಾರು ಸಲ ಮಾಡಿ ಕೈಗೆ ಒಗ್ಗಿದ ಚಲನೆಗಳನ್ನು ಕಾಪಾಡುವುದು ಕಿರುಮೆದುಳು ಮೊದಲಾದ ಬೇರೆ ಭಾಗಗಳು. ಅಂದಮೇಲೆ ಕ್ರಯಪತ್ರದ ಮೇಲಿನ ಅಂದವಾದ ಸಹಿಯು ಕೈಯ ಅಭ್ಯಾಸಕ್ಕೆ ಸಾಕ್ಷಿಯೇ ಹೊರತು ಮನಸ್ಸಿನ ತಿಳಿವಳಿಕೆಗೆ ಸಾಕ್ಷಿಯಲ್ಲ.

ಇಲ್ಲಿಯೇ ವ್ಯಾಜ್ಯವು ಮೊಳೆಯುವುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನೆಲವು ಬೆಂಗಳೂರಿಗೆ ಹತ್ತಿರವಾದುದು. 2007ರಲ್ಲಿ ರಾಮನಗರ ಜಿಲ್ಲೆಯಾದ ಈ ಸೀಮೆಯು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನೇ ಪಡೆಯಿತು. ಹಿಪ್ಪುನೇರಳೆ ಬೆಳೆಯುತ್ತಿದ್ದ ಎಕರೆಯು ನಿವೇಶನವಾಗಬಲ್ಲ ಕಾಲದಲ್ಲಿ ಒಂದು ಸಹಿಯ ತೂಕವೂ ಹೆಚ್ಚುತ್ತದೆ.

ಕಾನೂನು ಏನೆನ್ನುತ್ತದೆ? 1872ರ ಕರಾರು ಕಾಯಿದೆಯು ಕೇಳುವುದು ರೋಗದ ಹೆಸರನ್ನಲ್ಲ. ಕರಾರು ಮಾಡುವ ಹೊತ್ತಿನಲ್ಲಿ ಅದರ ಅರ್ಥವನ್ನು ತಿಳಿದು, ತನ್ನ ಹಿತಕ್ಕೆ ಅದರಿಂದಾಗುವ ಪರಿಣಾಮವನ್ನು ತೂಗಿನೋಡುವ ಶಕ್ತಿಯಿತ್ತೇ ಎಂಬುದನ್ನು. ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಸಾಕೆಂದು ಅನೇಕರು ನಂಬುತ್ತಾರೆ. ಆದರೆ ಇದೇ ಕಾಯಿದೆಯ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವು ಸಾಮಾನ್ಯವಾಗಿ ಕೊನೆಗಾಣುತ್ತದೆ. ಅಗತ್ಯ ಬಿದ್ದ ದಿನವೇ ಅದು ಕೈಬಿಡುತ್ತದೆ! ಇಂಗ್ಲೆಂಡಿನಲ್ಲಿ 2005ರ ಕಾಯಿದೆಯೊಂದು ಅರಿವು ಅಳಿದ ಮೇಲೂ ಬಾಳುವ ಅಧಿಕಾರಪತ್ರಕ್ಕೆ ಎಡೆಮಾಡಿದೆ.

1890ರ ಪಾಲಕರ ಕಾಯಿದೆಯು ಅಪ್ರಾಪ್ತವಯಸ್ಕರಿಗೆ ಸಂಬಂಧಿಸಿದುದು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಯಾವ ವಯಸ್ಕರೂ ಬಿಳಿಯ ಕಾಗದದ ಮೇಲೆ ಬರೆದು ತಮ್ಮ ಪ್ರತಿನಿಧಿಯನ್ನು ಹೆಸರಿಸಬಹುದು. ಆದರೆ ಆ ಪ್ರತಿನಿಧಿಯ ಕೆಲಸ ಚಿಕಿತ್ಸೆಗೆ ಸಂಬಂಧಿಸಿದುದು, ಆಸ್ತಿಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು “ಸೀಮಿತ ಪಾಲಕತ್ವ”ವೆಂಬುದನ್ನು ತಂದಿದೆ. ಇಂಥ ನಿರ್ಧಾರಕ್ಕೆ, ಇಷ್ಟು ಕಾಲಕ್ಕೆ ಎಂದು ಗೊತ್ತುಮಾಡಿ, ಆ ವ್ಯಕ್ತಿಯ ಇಚ್ಛೆಯನ್ನು ಅನುಸರಿಸಿ, ಅವರೊಡನೆ ಸಮಾಲೋಚಿಸಿಯೇ ಪಾಲಕನು ನಡೆಯಬೇಕು. ಪಾಲಕನು ಒಡೆಯನಲ್ಲ.

ವಿಜ್ಞಾನವೂ ಈ ಕಾನೂನೂ ಇಲ್ಲಿ ಕೈಕೂಡಿಸುತ್ತವೆ. ಅರಿವು ದೀಪದ ಗುಂಡಿಯಂತೆ ಒಮ್ಮೆಗೇ ಆರುವುದಿಲ್ಲ. ಸಂಜೆಯ ಬೆಳಕಿನಂತೆ ಕುಂದುತ್ತ ಬರುತ್ತದೆ. ಯಾವ ಸೀರೆ ಉಡಬೇಕು, ಯಾರ ಮನೆಯಲ್ಲಿ ಇರಬೇಕು ಎಂಬುದನ್ನು ಹೇಳಬಲ್ಲ ಅಜ್ಜಿಗೆ ಕ್ರಯಪತ್ರದ ಷರತ್ತುಗಳು ತಿಳಿಯದಿರಬಹುದು.

ಆದುದರಿಂದ ಮರೆವು ಕಂಡೊಡನೆ ವಕೀಲರಿಗಿಂತ ಮೊದಲು ವೈದ್ಯರನ್ನು ಕಾಣಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನೋಖಿನ್ನತೆಗಳಿಂದಲೂ ಮರೆವು ಬರುವುದುಂಟು. ಇವು ಚಿಕಿತ್ಸೆಗೆ ಬಗ್ಗುವಂಥವು. ನಮ್ಮ ಸೀಮೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಲ್ಲ. ರೋಗವು ಆರಂಭದಲ್ಲಿಯೇ ತಿಳಿದರೆ, ಹಿರಿಯರು ಇನ್ನೂ ಬಲ್ಲವರಾಗಿರುವಾಗಲೇ ಮಕ್ಕಳೆಲ್ಲರ ಎದುರಿನಲ್ಲಿ ತಮ್ಮ ಇಚ್ಛೆಯನ್ನು ತಿಳಿಸಿ ಉಯಿಲನ್ನೂ ಬರೆಯಬಹುದು. “ಅಪ್ಪನಿಗೆ ಬುದ್ಧಿಯಿದೆಯೇ, ಇಲ್ಲವೇ?” ಎಂಬ ಪ್ರಶ್ನೆಗೆ ಉತ್ತರವಿಲ್ಲ. “ಈ ವಿಷಯವು ಈ ಹೊತ್ತು ಅಪ್ಪನಿಗೆ ತಿಳಿಯುತ್ತದೆಯೇ?” ಎಂಬ ಪ್ರಶ್ನೆಗೆ ಉತ್ತರವುಂಟು. ಅದನ್ನು ಅಣ್ಣತಂಗಿಯರು ಕೂಡಿ ಕೇಳಿದರೆ ಅಪ್ಪನ ಮಾತಿಗೂ ಆ ಮನೆಯಲ್ಲಿ ಬೆಲೆ ಉಳಿಯುತ್ತದೆ.